ವೆಬ್‌ಸೈಟ್‌ಗೆ ಏನಾಗಿದೆ? ಮೊದಲು ಪತ್ತೆ, ಆಮೇಲೆ ಮದ್ದು

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹೋಂಸ್ಟೇ ನಡೆಸುವ ಹಲವರಿಗೆ ಈಗ ಸ್ವಂತ ವೆಬ್‌ಸೈಟ್ ಇದೆ. ಅದು ತೆರೆಯದಿದ್ದರೂ ‘ಹ್ಯಾಕ್’, ಅದರಲ್ಲಿ ಜೂಜಿನ ಜಾಹೀರಾತು ಕಂಡರೂ ‘ಹ್ಯಾಕ್’, ಅತಿಥಿ ಯಾರಿಗೋ ಮುಂಗಡ ಕಟ್ಟಿ ಮೋಸಹೋದರೂ ‘ಹ್ಯಾಕ್’. ಮೂರಕ್ಕೂ ಮದ್ದು ಬೇರೆ.

ತೆರೆಯುತ್ತಿಲ್ಲವೇ? ಆಗುಂಬೆಯ ಮಳೆಗೆ ಕರೆಂಟ್ ಹೋಗಿ ಟವರ್ ಮಲಗಿದ್ದರೆ ಯಾವ ಸೈಟೂ ತೆರೆಯುವುದಿಲ್ಲ. ಬೆಂಗಳೂರಿನ ನೆಂಟರಿಗೆ ಫೋನ್ ಮಾಡಿ, ಅಲ್ಲಿ ತೆರೆಯುತ್ತದೆಯೇ ಕೇಳಿ. ಅಲ್ಲೂ ಇಲ್ಲವೆಂದರೆ ಡೊಮೈನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಟ್ಟಿರುವ ಜಾಗ) ಹಣ ಕಟ್ಟಿದ್ದೀರಾ ನೋಡಿಕೊಳ್ಳಿ. ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಸೈಟಿನ ಭದ್ರತಾ ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟ್ 90 ದಿನ ಮೀರಿ ಬಾಳುವುದಿಲ್ಲ. ಅಂದಹಾಗೆ, ವಿಳಾಸದ ಪಕ್ಕದ ಬೀಗದ ಗುರುತನ್ನು ನಂಬಿ ಹಣ ಕಟ್ಟಬೇಡಿ. ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರ ಭರವಸೆ. ಕಳ್ಳರ ಸೈಟಿಗೂ ಅದು ಸಿಗುತ್ತದೆ. ಕ್ರೋಮ್ 2023ರಲ್ಲಿ ಆ ಗುರುತನ್ನೇ ತೆಗೆದುಹಾಕಿತು.

ಅತಿಥಿ ಮೋಸಹೋದರೇ? ನಿಮ್ಮ ಫೋಟೊಗಳನ್ನೇ ಕದ್ದು ಯಾರೋ ನಕಲಿ ಪುಟ ಕಟ್ಟಿರುತ್ತಾರೆ. ಇದು ಫಿಶಿಂಗ್, ನಿಮ್ಮ ಸೈಟಿನೊಳಗೆ ಯಾರೂ ಬಂದಿಲ್ಲ. ಹಣ ಕಳೆದುಕೊಂಡವರು ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ನಿಜವಾದ ನುಸುಳುವಿಕೆ ಮಾತ್ರ ಮಾಲೀಕರ ಕಣ್ಣಿಗೆ ಬೀಳುವುದೇ ಕಷ್ಟ. ವಿಳಾಸ ಟೈಪ್ ಮಾಡಿ ತೆರೆದರೆ ಎಲ್ಲವೂ ಸರಿಯಿರುತ್ತದೆ. ಗೂಗಲ್‌ನಲ್ಲಿ ಹುಡುಕಿ ಬಂದವರು ಮಾತ್ರ ಜೂಜಿನ ಪುಟಕ್ಕೆ ಹೋಗಿ ಬೀಳುತ್ತಾರೆ. ಆದ್ದರಿಂದ ಮೊಬೈಲ್‌ನಲ್ಲಿ ಹೋಂಸ್ಟೇ ಹೆಸರು ಹುಡುಕಿ, ಫಲಿತಾಂಶವನ್ನು ಒತ್ತಿ ನೋಡಿ. ನಿಮ್ಮ ಹೆಸರಿನ ಕೆಳಗೆ ಜಪಾನಿ ಅಕ್ಷರಗಳು ಕಂಡರೆ ಯಾರೋ ನುಸುಳಿದ್ದಾರೆ, ಅನುಮಾನವೇ ಬೇಡ.

ಏನನ್ನೂ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಲು ಬೇಕಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಂ ಪ್ರಕಾರ ಇಂಥ ನುಸುಳುವಿಕೆಗೆ 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ನಂತರ ಪಾಸ್‌ವರ್ಡ್ ಬದಲಿಸಿ, ಇಮೇಲ್‌ನದ್ದು ಮೊದಲು. ಏಕೆಂದರೆ ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಸೈಟ್ ಕಟ್ಟಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಾದರೆ, ಅದರ ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದರೆ ತೆಗೆದುಹಾಕಿ.

ಇಲ್ಲೇ ಹಲವರು ಸಿಕ್ಕಿಕೊಳ್ಳುವುದು. ಪಾಸ್‌ವರ್ಡ್, ಡೊಮೈನ್ ಎಲ್ಲವೂ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ; ಅವನು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ಅವನನ್ನು ಹುಡುಕಿ ಎಲ್ಲವನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ದುಡ್ಡು ಉಳಿಸಲು ಅವನು ಕದ್ದ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಹಾಕಿದ್ದರೆ ಕಳ್ಳ ನುಗ್ಗಿದ್ದು ಬಹುಶಃ ಅದರಿಂದಲೇ. ಅದನ್ನು ಕಿತ್ತುಹಾಕಿ, ತೊಂದರೆ ಶುರುವಾಗುವುದಕ್ಕೆ ಮುಂಚಿನ ಬ್ಯಾಕಪ್ ಹಾಕಿಸಿ, ಪ್ಲಗಿನ್‌ಗಳನ್ನೆಲ್ಲ (ಸೈಟಿಗೆ ಜೋಡಿಸಿದ ಪುಟ್ಟ ತಂತ್ರಾಂಶಗಳನ್ನು) ಅಪ್‌ಡೇಟ್ ಮಾಡಿಸಿ.

ಕೊನೆಗೆ ಸೈಟ್ ಮಾಲೀಕರಿಗೆಂದೇ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಮರುಪರಿಶೀಲನೆಗೆ ಕೋರಿಕೆ ಸಲ್ಲಿಸಿ. ಹುಡುಕಾಟದಲ್ಲಿ ಕಾಣುವ ಕಸ ಪೂರ್ತಿ ಮಾಯವಾಗಲು ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಬುಕಿಂಗ್ ಫೋನ್‌ನಲ್ಲೇ ನಡೆಯಲಿ.