ಕಾಫಿ ತೋಟದಲ್ಲಿ ಮ್ಯಾಸ್ಲೋ: ಐದು ಕೊಯ್ಲುಗಳ ನನ್ನ ಅನುಭವ

ಈ ವರ್ಷದ ರೋಬಸ್ಟಾ ಕೊಯ್ಲು ಮುಗಿದು ಕಣ ಗುಡಿಸಿದ ದಿನ ಚಿಕ್ಕಪ್ಪ ತಾವಾಗಿಯೇ ಬಂದು ನಮ್ಮ ಹಾಜರಿ ಪುಸ್ತಕವನ್ನು ತೆರೆಸಿ ನೋಡಿದರು. "ಮನಃಶಾಸ್ತ್ರ ಓದಿದವರು ತೋಟ ಮಾಡಿದರೆ ತೋಟವೂ ಉಳಿಯುವುದಿಲ್ಲ, ಶಾಸ್ತ್ರವೂ ಉಳಿಯುವುದಿಲ್ಲ" ಎಂದು ಐದು ವರ್ಷಗಳ ಹಿಂದೆ ಮನೆಮಂದಿಯ ಎದುರು ಹೇಳಿದ್ದವರು ಅವರು. ಕೂಲಿಕಾರರಿಗೆಂದು ತೋಟದಲ್ಲೇ ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳ 17 ಕುಟುಂಬಗಳಲ್ಲಿ 14 ಕುಟುಂಬಗಳು ಸತತ ಮೂರನೆಯ ಕೊಯ್ಲಿಗೂ ನಿಂತಿದ್ದನ್ನು ಕಂಡು ಅವರು ಏನೂ ಹೇಳದೆ ಪುಸ್ತಕ ಮುಚ್ಚಿದರು. ನೆರೆಯ ತೋಟದವರೂ, ನನ್ನೊಂದಿಗೆ ಮನಃಶಾಸ್ತ್ರ ಓದಿ ಈಗ ಕಂಪನಿಗಳಲ್ಲಿ ತರಬೇತಿ ನೀಡುವ ಗೆಳತಿಯರೂ ಇದನ್ನು ಹೇಗೆ ಸಾಧಿಸಿದೆಯೆಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಅಮೆರಿಕದ ಮನಃಶಾಸ್ತ್ರಜ್ಞ ಮ್ಯಾಸ್ಲೋ ಅವರ 'ಅಗತ್ಯಗಳ ಶ್ರೇಣಿ'ಯಲ್ಲಿ ಮನುಷ್ಯನ ಅಗತ್ಯಗಳು ಐದು: ದೈಹಿಕ ಅಗತ್ಯ, ಸುರಕ್ಷತೆ, ಪ್ರೀತಿ, ಸ್ವಗೌರವ, ಮತ್ತು ತನ್ನೊಳಗಿನ ಶಕ್ತಿಯನ್ನು ಪೂರ್ತಿ ಅರಳಿಸಿಕೊಳ್ಳುವ ಸ್ವಸಾಮರ್ಥ್ಯದ ಸಿದ್ಧಿ. ಪಠ್ಯಗಳಲ್ಲಿ ಇವನ್ನು ಕೆಳಗಿನಿಂದ ಮೇಲಕ್ಕೆ ಪಿರಮಿಡ್ಡಿನಂತೆ ಜೋಡಿಸಿ ತೋರಿಸುತ್ತಾರೆ.

ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆಗಿರುವ ನಮ್ಮ ತೋಟ ಸುಮಾರು 42 ಎಕರೆಯದು, ಅದರಲ್ಲಿ ಎಂಟು ಎಕರೆಯಷ್ಟು ಅರೇಬಿಕಾ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದ ನಾನು ಮಾಡಿದ ಮೊದಲ ತಪ್ಪು, ಪಿರಮಿಡ್ಡಿನ ಚಿತ್ರವನ್ನು ಮೆಟ್ಟಿಲೆಂದು ನಂಬಿದ್ದು. ಮೊದಲು ಹೊಟ್ಟೆ, ಆಮೇಲೆ ಸೂರು, ಅದಾದ ಮೇಲೆ ಮಿಕ್ಕದ್ದು ಎಂದು ಲೆಕ್ಕ ಹಾಕಿ, ಕಾಳುಮೆಣಸಿನ ಹಣದ ಜೊತೆಗೆ ಸಾಲವನ್ನೂ ಸೇರಿಸಿ, ಲೈನಿನ ಹೆಂಚು ಬದಲಿಸಲು, ಬಾಗಿಲಿಗೆ ಚಿಲಕ ಹಾಕಿಸಲು, ಶೌಚಾಲಯ ಮತ್ತು ನೀರಿನ ತೊಟ್ಟಿ ಕಟ್ಟಿಸಲು ಒಂದು ಮಳೆಗಾಲದೊಳಗೆ ನಾಲ್ಕೂಕಾಲು ಲಕ್ಷ ರೂಪಾಯಿಯಷ್ಟು ಖರ್ಚು ಮಾಡಿದೆ. ಆ ವರ್ಷ ಹುತ್ತರಿ ಹಬ್ಬ ಕಳೆದ ವಾರದಲ್ಲೇ ಆರು ಕುಟುಂಬಗಳು ಮುಂಗಡವನ್ನೂ ತೀರಿಸದೆ ಬೇರೊಂದು ತೋಟಕ್ಕೆ ಹೊರಟುಹೋದವು. ಅಲ್ಲಿನ ಕೂಲಿ ನಮ್ಮದಕ್ಕಿಂತ ಹೆಚ್ಚೇನಿರಲಿಲ್ಲ, ಲೈನ್ ಮನೆಗಳಂತೂ ನಮ್ಮವಕ್ಕಿಂತ ಕಳಪೆಯಾಗಿದ್ದವು. ಬಹಳ ದಿನಗಳ ನಂತರ ಅವರಲ್ಲೊಬ್ಬರು ಸಂತೆಯಲ್ಲಿ ಸಿಕ್ಕಾಗ ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: "ಅಲ್ಲಿ ಮೇಸ್ತ್ರಿ ನಮ್ಮನ್ನ ಹೆಸರು ಹಿಡಿದು ಕರೀತಾರೆ ಅಮ್ಮಾ." ನಮ್ಮಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಹಾಜರಿಯನ್ನು ಸಂಖ್ಯೆಯಿಂದ ಕರೆಯುತ್ತಿದ್ದರು, ನಾನು ಅದನ್ನು ದಿನವೂ ಕೇಳಿಸಿಕೊಂಡೂ ಸುಮ್ಮನಿದ್ದೆ.

ಆ ಜೂನಿನ ಮಳೆಯಲ್ಲಿ ಕರೆಂಟಿಲ್ಲದ ರಾತ್ರಿಗಳಲ್ಲಿ ಕುಳಿತು ಮ್ಯಾಸ್ಲೋ ಅವರ 1943ರ ಮೂಲ ಲೇಖನವನ್ನು ಮತ್ತೆ ಓದಿದೆ. ಪಿರಮಿಡ್ಡು ಅದರಲ್ಲಿಲ್ಲ, ಅದು ನಂತರದ ಕಾಲದಲ್ಲಿ ಆಡಳಿತ ಸಲಹೆಗಾರರ ಕೈಯಿಂದ ಬಂದದ್ದು. ಶ್ರೇಣಿ ಗಟ್ಟಿಯಾದದ್ದಲ್ಲವೆಂದು ಅವರೇ ಹೇಳುತ್ತಾರೆ. ಸಾಮಾನ್ಯ ಮನುಷ್ಯನಿಗೆ ದೈಹಿಕ ಅಗತ್ಯಗಳು ಶೇ. 85, ಸುರಕ್ಷತೆ ಶೇ. 70, ಪ್ರೀತಿ ಶೇ. 50, ಸ್ವಗೌರವ ಶೇ. 40, ಸ್ವಸಾಮರ್ಥ್ಯದ ಸಿದ್ಧಿ ಶೇ. 10ರಷ್ಟು ಈಡೇರಿರಬಹುದೆಂದು, ಅಂದಾಜಿನ ಅಂಕಿಗಳೆಂದು ಹೇಳಿಯೇ, ಉದಾಹರಣೆ ಕೊಡುತ್ತಾರೆ. ಅಂದರೆ ಐದೂ ಏಕಕಾಲಕ್ಕೆ ಅರೆಬರೆಯಾಗಿ ನಡೆಯುತ್ತಿರುತ್ತವೆ. ಸೂರು ಸೋರುತ್ತಿರುವವರಿಗೂ ಅದೇ ದಿನ ಗೌರವ ಬೇಕಾಗಿರುತ್ತದೆ. ಪರೀಕ್ಷೆಯಲ್ಲಿ ಈ ವಿಷಯಕ್ಕೆ ಒಳ್ಳೆಯ ಅಂಕ ಪಡೆದಿದ್ದ ನಾನು ಇದನ್ನು ಅರಿಯಲು ನಾಲ್ಕೂಕಾಲು ಲಕ್ಷ ಕಳೆಯಬೇಕಾಯಿತು. ಹೆಂಚು ಹಾಕಿಸಿದ್ದು ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಅದು ಹೇಗಿದ್ದರೂ ಮಾಡಲೇಬೇಕಾದ ಕೆಲಸವಾಗಿತ್ತು. ಆದರೆ ಅದು ಮುಗಿಯುವವರೆಗೆ ಉಳಿದದ್ದನ್ನು ತಡೆದಿಟ್ಟದ್ದು ತಪ್ಪು.

ಎರಡನೆಯ ವರ್ಷದ ಸೋಲು ಬೋನಸ್ಸಿನದು. ಅರೇಬಿಕಾದಲ್ಲಿ ಹಣ್ಣನ್ನು ಮಾತ್ರ ಕೊಯ್ದು ತಂದವರಿಗೆ ಕಿಲೋಗೆ ಒಂದು ರೂಪಾಯಿ ಹೆಚ್ಚು ಎಂದು ಸಾರಿದೆ. ಮೊದಲ ವಾರ ಚೀಲಗಳು ಕೆಂಪಗೆ ಬಂದವು. ಮೂರನೆಯ ವಾರಕ್ಕೆ ಮೇಲೆ ಹಣ್ಣು, ತಳದಲ್ಲಿ ಹಸಿರು ಕಾಯಿ, ತೂಕದ ಹೊತ್ತಿನಲ್ಲಿ ಜಗಳ. ಒಂದಷ್ಟು ಹಣ ಹೋದ ಮೇಲೆ ಬೋನಸ್ ನಿಲ್ಲಿಸಿದೆ. ಮರುವರ್ಷ ಹಸಿರು ಕಾಯಿಯ ಪ್ರಮಾಣ ಬೋನಸ್ಸಿಗಿಂತ ಮೊದಲು ಇದ್ದುದಕ್ಕೂ ಮೇಲೇರಿತು. ಮನಃಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಒಗಟಿನ ತುಂಡುಗಳನ್ನು ಜೋಡಿಸುವ ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಬಳಿಕ ನಿಲ್ಲಿಸಿ, ಬಿಡುವಿನಲ್ಲಿ ಅವರು ಒಗಟನ್ನು ಮುಟ್ಟುವುದೇ ಕಡಿಮೆಯಾದದ್ದನ್ನು ತೋರಿಸಿದ್ದರಲ್ಲ, ಅದೇ ನಮ್ಮ ಕಣದಲ್ಲೂ ನಡೆಯಿತು. ಕಾಫಿ ಕೊಯ್ಯುವುದು ಒಗಟಿನಷ್ಟು ಆಸಕ್ತಿಯ ಕೆಲಸವಲ್ಲ, ಹಾಗಾಗಿ ಹೋಲಿಕೆ ಸಲ್ಲದು ಎಂದು ಗೆಳತಿಯೊಬ್ಬಳು ವಾದಿಸಿದಳು. ಕೊಯ್ಲು ಆಸಕ್ತಿಯ ಕೆಲಸವಲ್ಲದಿರಬಹುದು, ಆದರೆ "ನನ್ನ ಚೀಲದಲ್ಲಿ ಕಾಯಿ ಇರುವುದಿಲ್ಲ" ಎಂಬ ಹೆಮ್ಮೆ ನಮ್ಮ ಹಳೆಯ ಹೆಂಗಸರಲ್ಲಿ ನಿಜವಾಗಿಯೂ ಇತ್ತು. ಒಂದು ರೂಪಾಯಿ ಕೊಟ್ಟು ನಾನು ಅದನ್ನೇ ಕೊಂಡುಬಿಟ್ಟಿದ್ದೆ. ಇದನ್ನು ಕೂಲಿ ಕಡಿಮೆ ಮಾಡಲು ನೆಪವಾಗಿ ಯಾರೂ ಬಳಸಬಾರದು. ನಮ್ಮಲ್ಲಿ ಪೂರ್ತಿ ಕೂಲಿ ಸಂತೆಯ ಹಿಂದಿನ ಸಂಜೆ ತಪ್ಪದೆ ಕೈಸೇರುತ್ತದೆ, ಅದಿಲ್ಲದಿದ್ದರೆ ಮುಂದೆ ಬರೆಯುವ ಯಾವುದೂ ನಡೆಯುವುದಿಲ್ಲ.

ಯಾರಿಗೆ ಏನು ಬೇಕೆಂದು ತಿಳಿಯಲು ನಲವತ್ತು ಪ್ರಶ್ನೆಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದ್ದೆ. ಎರವ ಮಾತಿನವರು, ಮಲಯಾಳಂ ಮಾತಿನವರು, ಅಸ್ಸಾಮಿನಿಂದ ಬಂದವರು, ಎಲ್ಲರೂ ರೈಟರ್ ಪಕ್ಕದಲ್ಲಿ ನಿಂತಿದ್ದಾಗ ಒಂದೇ ಉತ್ತರ ಕೊಟ್ಟರು: ಎಲ್ಲ ಚೆನ್ನಾಗಿದೆ. ಆಗ ನೆನಪಾದದ್ದು ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್. ಅವರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಸಾಧನಾ ಪ್ರೇರಣೆಯ, ಅಂದರೆ ಸಾಧಿಸಬೇಕೆಂಬ ಹಂಬಲವನ್ನು ಬೆಳೆಸುವ, ತರಬೇತಿ ನಡೆಸಿದ್ದರು. ಅವರ ವಿಧಾನದ ಬೇರು ಚಿತ್ರ ನೋಡಿ ಕಥೆ ಹೇಳಿಸುವುದರಲ್ಲಿತ್ತು. ಚಿತ್ರಕಲಾ ಶಿಕ್ಷಕರೊಬ್ಬರಿಗೆ ಮೂರೂವರೆ ಸಾವಿರ ಕೊಟ್ಟು ಏಳು ಚಿತ್ರ ಬರೆಸಿದೆ: ಮುಸ್ಸಂಜೆಯ ಕಣದಲ್ಲಿ ಒಬ್ಬಳೇ ನಿಂತ ಹೆಂಗಸು, ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೇಲೆ ನೋಡುವ ಗಂಡಸು, ಲೈನ್ ಬಾಗಿಲಲ್ಲಿ ಶಾಲೆಯ ಚೀಲ ಹಿಡಿದ ಮಗು, ಹೀಗೆ. ಬೆಲ್ಲದ ಕಾಫಿ ಕುಡಿಯುತ್ತಾ ಅವರವರ ಮಾತಿನಲ್ಲೇ ಕಥೆ ಹೇಳಿಸಿದರೆ, ಪಟ್ಟಿಯಲ್ಲಿ ಬಾರದ್ದೆಲ್ಲ ಬರುತ್ತದೆ. ಚಿತ್ರಗಳನ್ನು ತೋರಿಸುವ ಕ್ರಮವನ್ನೂ ಐದನೆಯ ಚಿತ್ರ ಯಾವುದೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅದು ಕೈಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು.

ಕಾಕಿನಾಡದ ಮಾದರಿಯಲ್ಲೇ ಎಂಟು ಹುಡುಗರಿಗೆ ತಮ್ಮ ಗುರಿಯನ್ನು ತಾವೇ ಇಟ್ಟುಕೊಳ್ಳುವ ತರಬೇತಿಯನ್ನೂ ಕೊಟ್ಟು ನೋಡಿದೆ. ವರ್ಷದೊಳಗೆ ಮೂವರು ಕೆಲಸ ಬಿಟ್ಟು ಸ್ವಂತವಾಗಿ ಮೆಣಸು ಕೊಯ್ಲಿನ ಗುತ್ತಿಗೆ ಹಿಡಿಯತೊಡಗಿದರು. ಆಗ ಅದನ್ನು ನಷ್ಟದ ಖಾತೆಗೆ ಬರೆದಿದ್ದೆ, ಈಗ ನಮ್ಮ ಮೆಣಸನ್ನು ಕೊಯ್ಯುವವರು ಅವರೇ.

ಕೊನೆಗೆ ಫಲ ಕೊಟ್ಟದ್ದು ಬ್ಲಾಕ್ ಹಂಚಿಕೆ. ಎರಡೆರಡು ಕುಟುಂಬಗಳು ತಾವೇ ಜೊತೆಗೂಡಿ, ಸುಮಾರು ಐದು ಎಕರೆಯ ಒಂದು ಬ್ಲಾಕನ್ನು ವರ್ಷಪೂರ್ತಿ ನೋಡಿಕೊಳ್ಳುತ್ತವೆ. ಚಿಗುರು ತೆಗೆಯುವುದು, ಕಳೆ, ಯಾವ ಸಾಲು ಮೊದಲು, ಎರಡನೆಯ ಸುತ್ತಿನ ಕೊಯ್ಲು ಯಾವಾಗ ಎಂಬುದೆಲ್ಲ ಅವರ ತೀರ್ಮಾನ. ಡೆಸಿ ಮತ್ತು ಅವರ ಸಹಸಂಶೋಧಕ ರಯಾನ್ ಹೇಳುವ ಸ್ವಾಯತ್ತತೆ, ಸಾಮರ್ಥ್ಯ, ಸಂಬಂಧ ಎಂಬ ಮೂರು ಅಗತ್ಯಗಳೂ ಇದರೊಳಗಿವೆ. ಮರಗಸಿಯನ್ನು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದನ್ನು, ಮಾತ್ರ ನನ್ನ ಕೈಯಲ್ಲೇ ಉಳಿಸಿಕೊಂಡಿದ್ದೇನೆ, ಏಕೆಂದರೆ ನೆರಳು ಒಮ್ಮೆ ಕೆಟ್ಟರೆ ಸರಿಯಾಗಲು ವರ್ಷಗಳು ಬೇಕು. ಮೊದಲ ವರ್ಷ ನಾನು ಆಯ್ಕೆಯನ್ನೇನೋ ಕೊಟ್ಟೆ, ಆದರೆ ದಿನಕ್ಕೆರಡು ಬಾರಿ ಹೋಗಿ ನೋಡುತ್ತಿದ್ದೆ. ಅವರು ನನ್ನ ಮುಖ ನೋಡಿಯೇ ತೀರ್ಮಾನಿಸುತ್ತಿದ್ದರು. ವಾರಕ್ಕೊಮ್ಮೆ, ಅದೂ ಅವರು ಕರೆದರೆ ಮಾತ್ರ, ಎಂದು ನನಗೆ ನಾನೇ ಕಟ್ಟು ಹಾಕಿಕೊಂಡ ಮೇಲೆ ಬದಲಾವಣೆ ಕಂಡಿತು. ನೂರಕ್ಕೆ ಇಪ್ಪತ್ತರಷ್ಟಿದ್ದ ಹಸಿರು ಕಾಯಿ ಆರೇಳಕ್ಕೆ ಇಳಿಯಿತು. ವರ್ಷಕ್ಕೆ ಎರಡು ಲಕ್ಷದಷ್ಟು ಮುಳುಗುತ್ತಿದ್ದ ಮುಂಗಡ ಈಗ ಮೂವತ್ತು–ನಲವತ್ತು ಸಾವಿರ ದಾಟುವುದಿಲ್ಲ. ಪಾರ್ಚ್‌ಮೆಂಟಿಗೆ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿಗೆ, ಚೀಲಕ್ಕೆ ಸಾವಿರದೈನೂರರವರೆಗೆ ಹೆಚ್ಚು ಬೆಲೆ ಸಿಕ್ಕಿದೆ. ನಮ್ಮ ಸುತ್ತಮುತ್ತ ಈ ಲೆಕ್ಕ ತೋರಿಸಬಲ್ಲ ಇನ್ನೊಂದು ತೋಟವನ್ನು ನಾನು ಕಂಡಿಲ್ಲ.

ಸ್ವಸಾಮರ್ಥ್ಯದ ಸಿದ್ಧಿಯ ಬಗ್ಗೆ ಎರಡು ಮಾತು. ಪಠ್ಯಗಳಲ್ಲಿ ಬಳಸುವ 'ಆತ್ಮಸಾಕ್ಷಾತ್ಕಾರ' ಎಂಬ ಪದ ವೇದಾಂತದ ಕಡೆಗೆ ಎಳೆಯುವುದರಿಂದ ನಾನು ಅದನ್ನು ಬಿಟ್ಟಿದ್ದೇನೆ. ಮ್ಯಾಸ್ಲೋ ಈ ಪರಿಕಲ್ಪನೆಯನ್ನು ಪಡೆದದ್ದು ಕರ್ಟ್ ಗೋಲ್ಡ್‌ಸ್ಟೀನ್ ಎಂಬ ನರವೈದ್ಯರಿಂದ. ಅವರು ಮೊದಲ ಮಹಾಯುದ್ಧದಲ್ಲಿ ಮೆದುಳಿಗೆ ಗಾಯವಾದ ಸೈನಿಕರನ್ನು ನೋಡಿಕೊಂಡವರು, ಉಳಿದಿರುವ ಶಕ್ತಿಯನ್ನು ಹೊಸದಾಗಿ ಜೋಡಿಸಿಕೊಂಡು ಇಡಿಯಾಗಿ ಬದುಕಲು ಹವಣಿಸುವ ಗುಣವನ್ನು ಅವರಲ್ಲಿ ಕಂಡವರು. ನಮ್ಮಲ್ಲಿ ಮೂವತ್ತು ವರ್ಷ ಮೆಣಸಿನ ಏಣಿ ಹತ್ತಿದ ಹಿರಿಯರೊಬ್ಬರು ಮಂಡಿ ಹೋದ ಮೇಲೆ ಲೈನಿನ ಜಗಲಿಯಲ್ಲಿ ಮಂಕಾಗಿ ಕುಳಿತಿದ್ದರು. ಯಾವ ಬಳ್ಳಿಯಿಂದ ತುಂಡು ತೆಗೆದರೆ ಬೇರೂರುತ್ತದೆಂಬುದು ಅವರ ಕಣ್ಣಿಗೆ ಗೊತ್ತಿತ್ತು. ಮೆಣಸಿನ ನರ್ಸರಿಯನ್ನು ಅವರಿಗೆ ಒಪ್ಪಿಸಿದೆವು. ಈಗ ವರ್ಷಕ್ಕೆ ಎರಡು ಸಾವಿರ ಬಳ್ಳಿಯಾದರೂ ಅವರ ಕೈಯಿಂದ ಏಳುತ್ತದೆ.

ಇನ್ನೊಬ್ಬರು ಇಪ್ಪತ್ತೈದು ವರ್ಷ ಕಾಫಿ ಕೊಯ್ದ ಹೆಂಗಸು. ಕಣದ ಚಿತ್ರಕ್ಕೆ ಅವರು ಹೇಳಿದ ಕಥೆಯಲ್ಲಿ, ಆ ಹೆಂಗಸು "ಇದು ಎಲ್ಲಿಗೆ ಹೋಗಿ ಏನು ರುಚಿಯಾಗುತ್ತೋ" ಎಂದು ಯೋಚಿಸುತ್ತಾ ನಿಂತಿದ್ದಳು. ಅವರದೇ ಬ್ಲಾಕಿನ ಕಾಫಿಯನ್ನು ಹುರಿದು, ಹಣ್ಣಿನದೊಂದು, ಕಾಯಿ ಬೆರೆತದ್ದೊಂದು, ಉದುರಿದ್ದೊಂದು ಎಂದು ಮೂರು ಬಟ್ಟಲಿಟ್ಟೆ. ಚಮಚದಲ್ಲಿ ಹೀರಿದೊಡನೆ ಎರಡನೆಯದನ್ನು ದೂಡಿ, ಒಗರು ಎಂದರು. ಮರುದಿನದಿಂದ ಕಣದ ಉಸ್ತುವಾರಿ ಅವರದಾಯಿತು.

ಅವರಿಂದಲೂ ನಷ್ಟವಾಗಿದೆ. ಕಳೆದ ವರ್ಷ ಎರಡನೆಯ ಸುತ್ತನ್ನು ಎಂಟು ದಿನ ಮುಂದೂಡೋಣ, ಇನ್ನೂ ಹಣ್ಣಾಗಲಿ ಎಂದು ಅವರು ಪಟ್ಟು ಹಿಡಿದರು. ನನಗೆ ಮನಸ್ಸಿರಲಿಲ್ಲ, ಆದರೂ ಒಪ್ಪಿದೆ. ಅಕಾಲದ ಮಳೆ ಹಿಡಿದು ಹಣ್ಣು ಒಡೆದು ಉದುರಿತು, ಎರಡು ಮೂರು ಚೀಲದಷ್ಟು ಹೋಯಿತು. ಬ್ಲಾಕನ್ನು ಹಿಂತೆಗೆದುಕೊಳ್ಳಿ ಎಂದು ರೈಟರ್ ಒತ್ತಾಯಿಸಿದರೂ ನಾನು ಹಾಗೆ ಮಾಡಲಿಲ್ಲ. ಈ ಸಲ ಕೊಯ್ಲು ಶುರುವಾಗುವ ಮುನ್ನ ಅವರು ಮೊಮ್ಮಗನ ಫೋನು ಹಿಡಿದು ಬಂದು, ಮಳೆಯ ಮುನ್ಸೂಚನೆ ನೋಡುವುದನ್ನು ಕಲಿಸಿಕೊಡಿ ಎಂದರು. ಕಣಕ್ಕೆ ಟಾರ್ಪಾಲು ಯಾವ ಹೊತ್ತಿಗೆ ಹೊದಿಸಬೇಕೆಂದು ಈಗ ನಾನೇ ಅವರನ್ನು ಕೇಳುತ್ತೇನೆ.