ಪಕ್ಕದ ಮನೆಯಲ್ಲಿರುವ ಪಾರ್ಸೆಲ್: ಕಾಸರಗೋಡಿಗೆ ಹೊಸದಾಗಿ ಬಂದವರಿಗೆ

ಕಾಸರಗೋಡಿನಲ್ಲಿ ಬಾಡಿಗೆ ಮನೆ ಹಿಡಿದವರು ಶಾಲೆ ಯಾವುದು, ಆಸ್ಪತ್ರೆ ಎಲ್ಲಿ, ಒಳ್ಳೆಯ ಅಕ್ಕಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಪಾರ್ಸೆಲ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. 2012ರಲ್ಲಿ ಅರಸೀಕೆರೆ ಕಡೆಯಿಂದ ಇಲ್ಲಿಗೆ ಬಂದೆ. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಮನೆಗೆ ಬೀಗ. ಬಂದದ್ದೆಲ್ಲ ಅಕ್ಕಪಕ್ಕದ ಮನೆಗಳಲ್ಲಿ ಉಳಿಯುತ್ತಿತ್ತು, ಸಂಜೆ ಹೋಗಿ ತರುತ್ತಿದ್ದೆ. ಮೊದಲ ವರ್ಷ ನಾನು ಇಲ್ಲಿ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಅದು ಈ ತರುವ ಕೆಲಸದಲ್ಲೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಧಾರ್ ವಿಳಾಸ, ರೇಷನ್ ಕಾರ್ಡ್, ಗ್ಯಾಸ್, ಗಾಡಿಗೆ ಕೆಎಲ್ 14 ನಂಬರ್, ಇವಕ್ಕೆಲ್ಲ ಸರ್ಕಾರಿ ಅರ್ಜಿಗಳ ಕೆಲಸ ಮಾಡಿಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ ಕೇಳಿ. ದಾರಿ ಹೇಳುತ್ತಾರೆ.

ವಿಳಾಸ ಬರೆಯುವುದನ್ನು ಮಾತ್ರ ಸರಿಯಾಗಿ ಕಲಿತುಕೊಳ್ಳಿ. ನಮ್ಮ ಕಡೆ ಮನೆ ನಂಬರ್, ಕ್ರಾಸ್, ಮೇನ್ ಅಂತ ಬರೆದು ಅಭ್ಯಾಸ. ಇಲ್ಲಿ ಮನೆಗೆ ಹೆಸರು ಮುಖ್ಯ. ಮನೆಯ ಹೆಸರು, ಊರಿನ ಹೆಸರು, ಅಂಚೆ ಕಚೇರಿಯ ಹೆಸರು, ಆಮೇಲೆ 671ರಿಂದ ಶುರುವಾಗುವ ಪಿನ್. ಒಂದೇ ಹೆಸರಿನ ಎರಡು ಮೂರು ಮನೆ ಒಂದೇ ರಸ್ತೆಯಲ್ಲಿ ಇರಬಹುದು. ಹಾಗಾಗಿ ಹತ್ತಿರದ ಮಸೀದಿಯೋ ಭಜನಾ ಮಂದಿರವೋ ಅಂಗಡಿಯೋ ಯಾವುದಾದರೊಂದು ಗುರುತು ಸೇರಿಸಿ. ನಾನು ಇನ್ನೊಂದು ಕೆಲಸ ಮಾಡಿದೆ. ‘ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಗೆ ಕೊಡಿ’ ಅಂತ ಪ್ರತಿ ಸಲವೂ ಬರೆದೆ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಿರಲಿಲ್ಲ. ಅವರ ಹೆಸರೂ ಗೊತ್ತಿರಲಿಲ್ಲ. ಒಂದು ದಿನ ಯಾರೋ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಾನೆ, ಮಳೆಯಲ್ಲಿ ಅವರು ಸೆರಗು ತಲೆ ಮೇಲೆ ಎಳೆದುಕೊಂಡು ಓಡಿ ಬರುತ್ತಾರೆ, ಗೊತ್ತಿಲ್ಲದವರ ಡಬ್ಬ ಕೈಗೆ ಬರುತ್ತದೆ. ನಮ್ಮ ಊರಲ್ಲಿ ಯಾರಾದರೂ ನಮಗೆ ಹೀಗೆ ಮಾಡಿದ್ದರೆ ಸುಮ್ನೆ ಇರುತ್ತಿದ್ದೆವಾ?

ಮೊದಲು ಹೋಗಿ ಕೇಳಿ. ಕೇಳಿದರೆ ಇಲ್ಲಿ ಯಾರೂ ಆಗುವುದಿಲ್ಲ ಅನ್ನುವುದಿಲ್ಲ.

ಇನ್ನು ಹೊತ್ತಿನ ವಿಷಯ. ಇದರಲ್ಲಿ ನಾನು ಮಾಡಿದ ತಪ್ಪು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಗಡೆಯ ಮನೆಯಲ್ಲಿ ಒಬ್ಬರು ವಯಸ್ಸಾದವರಿದ್ದರು. ಇಡೀ ರಸ್ತೆಯೇ ಅವರನ್ನು ಉಮ್ಮ, ಅಂದರೆ ಅಮ್ಮ, ಅನ್ನುತ್ತಿತ್ತು. ನಾನು ಕೆಲಸ ಮುಗಿಸಿ ಬಸ್ ಇಳಿಯುವಾಗ ಆರೂವರೆ ದಾಟುತ್ತಿತ್ತು. ಮನೆಗೆ ಹೋಗಿ ಮತ್ತೆ ಬರುವುದೇಕೆ ಅಂತ ದಾರಿಯಲ್ಲೇ ಅವರ ಬೆಲ್ ಒತ್ತಿದೆ. ಮಸೀದಿಯಲ್ಲಿ ಬಾಂಗ್, ಅಂದರೆ ನಮಾಜಿನ ಕರೆ, ಆಗುತ್ತಿತ್ತು. ಬಾಗಿಲು ತೆರೆಯಲಿಲ್ಲ ಅಂತ ಇನ್ನೊಮ್ಮೆ ಒತ್ತಿದೆ. ಉಮ್ಮ ನಮಾಜಿನ ಬಿಳಿ ಬಟ್ಟೆ ಹಾಕಿಕೊಂಡೇ ಬಂದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ಡಬ್ಬ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಮನೆಗೆ ಬಂದು ದೀಪದ ಬೆಳಕಿನಲ್ಲಿ ನೋಡಿದರೆ ರಟ್ಟಿನ ಮೇಲೆ ಅವರ ಬೆರಳುಗಳ ಒದ್ದೆ ಗುರುತು. ನಮಾಜಿಗೆ ಮುಂಚೆ ಕೈಕಾಲು ತೊಳೆದು ನಿಂತಿದ್ದವರನ್ನು ನಾನು ಎಬ್ಬಿಸಿ ಕರೆದಿದ್ದೆ. ಒಂದು ಪ್ಲಾಸ್ಟಿಕ್ ಬುಟ್ಟಿಗಾಗಿ.

ಹೀಗೆ ಎಷ್ಟು ಸಲ ಮಾಡಿದ್ದೆನೋ. ಎದುರು ಮನೆಯ ತುಳು ಮಾತಾಡುವ ಅಕ್ಕ ಕೊನೆಗೆ ನನ್ನನ್ನು ನಿಲ್ಲಿಸಿ ಹೇಳಿದರು: “ಬಾಂಗ್ ಆಗುವಾಗ ಬೆಲ್ ಒತ್ತಬೇಡಿ ಮಾರಾಯ್ರೆ. ಸ್ವಲ್ಪ ತಡೆದು ಹೋಗಿ. ಅವರು ನಿಮಗೆ ಹೇಳುವವರಲ್ಲ.”

ಹಿಂದೂಗಳ ಮನೆಯಲ್ಲೂ ಅದೇ ಹೊತ್ತು. ಮುಸ್ಸಂಜೆಗೆ ನಿಲವಿಳಕ್ಕು ಹಚ್ಚಿ ಸಿಟೌಟಿನಲ್ಲಿ, ಅಂದರೆ ಮನೆ ಮುಂದಿನ ಜಗಲಿಯಲ್ಲಿ, ಇಡುತ್ತಾರೆ, ಮನೆಯವರು ನಾಮ ಹೇಳುತ್ತಾರೆ. ಆ ದೀಪ ದಾಟಿಕೊಂಡು ಒಳಗಿನಿಂದ ಯಾರೋ ನಿಮಗೆ ಡಬ್ಬ ತಂದು ಕೊಡಬೇಕು. ಯೋಚಿಸಿ ನೋಡಿ, ನಮ್ಮ ಮನೆಗಳಲ್ಲೂ ಇದು ಇತ್ತಲ್ವಾ? ದೀಪ ಹಚ್ಚಿದ ಮೇಲೆ ನಮ್ಮಮ್ಮ ಉಪ್ಪು ಕೊಡುತ್ತಿರಲಿಲ್ಲ, ಮೊಸರು ಕೊಡುತ್ತಿರಲಿಲ್ಲ, ಸೂಜಿ ಕೇಳಿದರೆ ನಾಳೆ ಬಾ ಅನ್ನುತ್ತಿದ್ದಳು. ಆ ಹೊತ್ತಿಗೆ ಯಾರ ಮನೆ ಬಾಗಿಲಿಗೂ ಏನೂ ಕೇಳಿಕೊಂಡು ಹೋಗಬಾರದು ಅಂತ ನಮಗೆ ಹೇಳಿ ಬೆಳೆಸಿದ್ದಳು. ಬೇರೆ ರಾಜ್ಯ, ಬೇರೆ ಭಾಷೆ ಅಂತ ನಾನು ಅದನ್ನೆಲ್ಲ ಊರಲ್ಲೇ ಬಿಟ್ಟು ಬಂದೆ. ಇಲ್ಲಿಗೆ ತರಬೇಕಿದ್ದದ್ದು ಅದನ್ನೇ.

ಸಂಜೆ ನಾಲ್ಕೂವರೆಯಿಂದ ಆರರ ಒಳಗೆ ಹೋಗಬಹುದಾದರೆ ಒಳ್ಳೆಯದು, ಚಹಾದ ಹೊತ್ತು. ಆಗದಿದ್ದರೆ ಏಳೂವರೆ ಮೇಲೆ. ಒಂಬತ್ತರ ನಂತರ ಬೇಡ, ಬೆಳಿಗ್ಗೆ ಹೋದರಾಯಿತು. ರಂಜಾನ್ ತಿಂಗಳಲ್ಲಿ ಮುಸ್ಲಿಮರ ಮನೆಗೆ ಐದರ ಮೇಲೆ ಹೋಗಲೇಬೇಡಿ. ಹೆಂಗಸರು ಉಪವಾಸದಲ್ಲಿ ಇಡೀ ಮನೆಗೆ ಅಡುಗೆ ಮಾಡುತ್ತಿರುತ್ತಾರೆ. ಆ ತಿಂಗಳು ಬೆಳಗಿನ ಹೊತ್ತೇ ವಾಸಿ.

ಗೇಟಿನಲ್ಲಿ ನಿಂತು ಕೂಗಬೇಡಿ. ಒಳಗೆ ಹೋಗಿ, ಚಪ್ಪಲಿ ಕೆಳಗೆ ಬಿಟ್ಟು ಸಿಟೌಟಿನ ಮೆಟ್ಟಿಲು ಹತ್ತಿ. ‘ಪಾರ್ಸಲ್ ಉಂಡೋ’, ಪಾರ್ಸೆಲ್ ಇದೆಯಾ, ಅಂತ ಶುರು ಮಾಡಬೇಡಿ. ಮೊದಲು ‘ಸುಖಮಲ್ಲೇ’, ಚೆನ್ನಾಗಿದ್ದೀರಲ್ವಾ, ಅಂತ ಕೇಳಿ. ಅಕ್ಕನ ವಯಸ್ಸಿನವರನ್ನು ಚೇಚಿ ಅನ್ನಿ. ಆಮೇಲೆ ‘ಬುದ್ಧಿಮುಟ್ಟಾಯೋ’ ಅಂತ ಒಂದು ಮಾತು. ಈ ಪದ ಕೇಳಿದಾಗ ನಮಗೆ ಬುದ್ಧಿಯ ವಿಷಯ ಏನೋ ಅನ್ನಿಸುತ್ತದೆ. ಹಾಗಲ್ಲ, ತೊಂದರೆ ಆಯಿತಾ ಅಂತ ಅರ್ಥ. ಕೂರಲು ಹೇಳಿದರೆ ಕೂತುಕೊಳ್ಳಿ. ‘ಚಾಯ ಕುಡಿಚ್ಚಿಟ್ಟ್ ಪೋಯಾಲ್ ಮದಿ’ ಅಂದರೆ ಚಹಾ ಕುಡಿದು ಹೋದರೆ ಸಾಕು ಅಂತ. ನಾಲ್ಕು ಸಲ ಬೇಡ ಅಂದರೆ ಐದನೇ ಸಲ ಕರೆಯುವುದಿಲ್ಲ. ನನಗೆ ಹಾಗೇ ಆಯಿತು. ಹೊರಡುವಾಗ ‘ಪೋಯಿಟ್ಟು ವರಾಂ’. ನಾವು ಹೋಗಿ ಬರ್ತೀನಿ ಅನ್ನುತ್ತೇವಲ್ಲ, ಅದೇ. ಈ ಮಾತು ಮೊದಲ ಸಲ ಹೇಳಿದ ದಿನ ಮನೆಗೆ ಬಂದು ತುಂಬ ಹೊತ್ತು ಅಮ್ಮನ ನೆನಪಾಗುತ್ತಿತ್ತು.

ದುಡ್ಡಿನ ವಿಷಯ ಬರೆಯಲು ನನಗೆ ಕಷ್ಟ, ಆದರೂ ಬರೆಯುತ್ತೇನೆ. ಒಮ್ಮೆ ಡಬ್ಬ ಬಂದಾಗ ಕೊಡಬೇಕಾದ 740 ರೂಪಾಯಿಯನ್ನು ಉಮ್ಮ ತಮ್ಮ ಕೈಯಿಂದ ಕೊಟ್ಟಿದ್ದರು. ನಾನು ಹೋದದ್ದು ಮೂರನೇ ದಿನ. 700 ಕೊಟ್ಟು, ಚಿಲ್ಲರೆ ಆಮೇಲೆ ಕೊಡುತ್ತೇನೆ ಅಂದೆ. ಮರೆತೆ. ತಿಂಗಳುಗಟ್ಟಲೆ ಮರೆತೆ. ಅವರು ಕೇಳಲಿಲ್ಲ. ಅವರ ಸೊಸೆ ಬೇರೇನೋ ಮಾತಿನ ನಡುವೆ ಹೇಳಿದಳು, ಆ ವಾರ ಉಮ್ಮ ಬಿಪಿ ಮಾತ್ರೆ ಎರಡು ದಿನ ತಡವಾಗಿ ತರಿಸಿದರು, ಮಾತ್ರೆಗೆ ಅಂತ ಎತ್ತಿಟ್ಟಿದ್ದ ದುಡ್ಡು ಖರ್ಚಾಗಿತ್ತು ಅಂತ. ಅವಳು ನನ್ನ ಮೇಲೆ ಆರೋಪ ಹೊರಿಸಲು ಹೇಳಿದ್ದಲ್ಲ, ಅವಳಿಗೆ ಲೆಕ್ಕವೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು, ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್ ಪಕ್ಕದ ಮನೆಗೆ ಹೋಗುವ ಹಾಗೆ ಮಾಡಬೇಡಿ. ಮೊದಲೇ ಕಟ್ಟಿಬಿಡಿ. ಒಟಿಪಿ ಬೇಕಾದರೆ ಡೆಲಿವರಿ ಹುಡುಗನಿಗೆ ನೀವೇ ಫೋನಿನಲ್ಲಿ ಹೇಳಿ, ವಯಸ್ಸಾದವರನ್ನು ನಡುವೆ ನಿಲ್ಲಿಸಬೇಡಿ. ಭಾರದ ವಸ್ತು ಬರುವ ದಿನ ಮನೆಯಲ್ಲಿ ಯಾರಾದರೂ ಇರಿ. ಊರಿಗೆ ಹೋಗುವ ವಾರ ಏನನ್ನೂ ತರಿಸಬೇಡಿ.

ಕೊನೆಯದನ್ನು ಹೇಳಲು ಕಾರಣವಿದೆ. ಒಂದು ಜೂನ್‌ನಲ್ಲಿ ಅಮ್ಮ ಕೊಬ್ಬರಿ ಮಿಠಾಯಿ, ಹುರಿಹಿಟ್ಟು, ಬೆಲ್ಲ ಹಾಕಿ ಬಟ್ಟೆಯಲ್ಲಿ ಹೊಲಿದು ಅಂಚೆಯಲ್ಲಿ ಕಳಿಸಿದ್ದಳು. ನಾವು ಒಂದು ಮದುವೆಗೆ ಹೋಗಿ ಐದು ದಿನ ಬಿಟ್ಟು ಬಂದೆವು. ಇಲ್ಲಿಯ ಮಳೆಗಾಲ ನಿಮಗೆ ಇನ್ನೂ ಗೊತ್ತಿಲ್ಲ, ಬೆಲ್ಲ ತಾನಾಗಿ ನೀರಾಗುತ್ತದೆ. ಉಮ್ಮನ ಮನೆಯ ಗೋಡೆಯುದ್ದಕ್ಕೂ ಇರುವೆ ಸಾಲು. ಅವರು ಪಾರ್ಸೆಲ್ ಎಸೆಯಲಿಲ್ಲ. ತಟ್ಟೆಯಲ್ಲಿ ನೀರು ಹಾಕಿ, ಅದರ ನಡುವೆ ಬಟ್ಟಲು ಬೋರಲಾಗಿ ಇಟ್ಟು, ಅದರ ಮೇಲೆ ಗಂಟನ್ನು ಕೂರಿಸಿದ್ದರು. ನಮ್ಮಜ್ಜಿ ತುಪ್ಪದ ಡಬ್ಬ ಕಾಪಾಡುತ್ತಿದ್ದದ್ದು ಹಾಗೇ. ನಾನು ಆ ತಟ್ಟೆ ನೋಡುತ್ತಾ ನಿಂತುಬಿಟ್ಟೆ.

ಆವತ್ತು ಮಿಠಾಯಿಯಲ್ಲಿ ಅರ್ಧ ಅವರಿಗೆ ಕೊಟ್ಟೆ. ಮೂರು ದಿನಕ್ಕೆ ಡಬ್ಬಿಯಲ್ಲಿ ಉಣ್ಣಿಯಪ್ಪ ಅನ್ನುವ ಸಿಹಿತಿಂಡಿ ಬಂತು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನುವುದು ನಮಗೂ ಅವರಿಗೂ ಒಂದೇ. ಮಾಂಸ ತಿನ್ನದವರಾದರೆ ಮೊದಲೇ ನೇರವಾಗಿ ಹೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ. ತೆಗೆದುಕೊಂಡು ಹೋಗಿ ಬೇರೆಯವರಿಗೆ ದಾಟಿಸುವುದು ಮಾತ್ರ ಬೇಡ. ಆಮೇಲಿನ ಪ್ರತಿ ಹಬ್ಬಕ್ಕೂ ಉಮ್ಮ ನಮಗೆ ಅಂತಲೇ ಬೇರೆ ಮಾಡಿ ಕಳಿಸಿದ್ದಾರೆ.

ಇನ್ನೊಂದು ತಪ್ಪು ನಾಲಿಗೆಯದು. ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಬೆಂಗಳೂರಿನಿಂದ ತರಿಸಿದ ಪುಸ್ತಕದ ಕಟ್ಟು ಒಮ್ಮೆ ಅವರ ಮನೆಗೆ ಹೋಗಿತ್ತು. ಮಳೆಯಲ್ಲಿ ನೆನೆದ ಕವರನ್ನು ಬೈರಾಸಿನಿಂದ (ಟವೆಲ್) ಒರೆಸಿ ಒಣಗಿಸಿ ಇಟ್ಟಿದ್ದರು. ಅವರ ಮಾತು ಕೇಳಿ ಖುಷಿಯಾಗಿ, “ನೀವು ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ ಸರ್” ಅಂದೆ. ಮುಖ ಸಪ್ಪಗಾಯಿತು. “ನಾನು ಇಲ್ಲೇ ಕನ್ನಡದಲ್ಲಿ ಓದಿದ್ದಮ್ಮ, ಇಲ್ಲೇ ಕನ್ನಡದಲ್ಲಿ ಪಾಠ ಮಾಡಿದ್ದು. ಮತ್ತೆ ಹೇಗೆ ಮಾತಾಡ್ಲಿ?” ಅಂದರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮುಂಚೆ ಮಂಗಳೂರಿನ ಜೊತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಗೋವಿಂದ ಪೈಗಳು ಮಂಜೇಶ್ವರದಲ್ಲೇ ಇದ್ದು ಬರೆದವರು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬುವವರೆಗೂ ಈ ನೆಲದ ಕನ್ನಡಕ್ಕಾಗಿ ದನಿ ಎತ್ತಿದವರು. ನಾವು ಬಾಡಿಗೆಗೆ ಬಂದವರು, ಅವರು ಇಲ್ಲಿಯವರು. ಇಲ್ಲಿ ಕನ್ನಡ ಸಿಗುತ್ತಾ ಅಂತ ಅವರನ್ನೇ ಕೇಳಬೇಡಿ. ನೋವಾಗುತ್ತದೆ.

ಮಗ ಹುಟ್ಟಿ ನಡೆಯಲು ಕಲಿತ ಮೇಲೆ ಪಾರ್ಸೆಲ್ ತರಲು ನನ್ನ ಜೊತೆ ಬರುತ್ತಿದ್ದ. ಆಮೇಲೆ ಒಬ್ಬನೇ ಹೋಗುತ್ತಿದ್ದ. ಅವನ ಮಲಯಾಳಂ ಶಾಲೆಯದ್ದಲ್ಲ, ಉಮ್ಮನ ಮೆಟ್ಟಿಲಿನದ್ದು. ಅಮ್ಮ ಕಳಿಸುವ ಗಂಟಿನ ಮೇಲೆ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ವಿಳಾಸ ಇರುತ್ತಿತ್ತು, ಒಳಗೆ ಪ್ರತಿ ಪೊಟ್ಟಣಕ್ಕೂ ಚೀಟಿ. ಅವನು ಮಡಿಲಲ್ಲಿ ಇಟ್ಟುಕೊಂಡು ಓದುತ್ತಿದ್ದ, ಹು, ರಿ, ಗಾ, ಳು. ಬೆರಳಿಟ್ಟು ಒಂದೊಂದೇ ಅಕ್ಷರ. ಅವನು ಕಲಿತ ಕನ್ನಡದ ಬಹುಪಾಲು ಆ ಚೀಟಿಗಳದ್ದು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ನಾವು ಹಾಕಲಿಲ್ಲ. ವರ್ಗ ಆದರೆ ಕಷ್ಟ ಅಂತ ಇಂಗ್ಲಿಷ್ ಶಾಲೆಗೆ ಹಾಕಿದೆವು. ವರ್ಗ ಆಗಲೇ ಇಲ್ಲ. 2017ರಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಅಂತ ಕಾನೂನು ಬಂದಾಗ ಇಲ್ಲಿಯ ಕನ್ನಡಿಗರು ಬೀದಿಗಿಳಿದರು, ಮೇಷ್ಟ್ರೂ ಹೋಗಿದ್ದರು. ನಾನು ಹೋಗಲಿಲ್ಲ. ಮಗನನ್ನು ಕನ್ನಡ ಶಾಲೆಗೆ ಕಳಿಸದವಳು ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸಿತ್ತು. ಆ ಕೊರಗು ಇನ್ನೂ ಇದೆ. ನಿಮ್ಮ ಮಕ್ಕಳು ಚಿಕ್ಕವರಿದ್ದರೆ ಒಮ್ಮೆ ಆ ಶಾಲೆಗಳನ್ನು ನೋಡಿ ಬನ್ನಿ.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ದಾರಿ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಗಡಿಯಲ್ಲೇ ಸಿಕ್ಕಿಬಿದ್ದರು. ಆ ಸಂಕಟದ ಮುಂದೆ ನನ್ನದು ಏನೂ ಅಲ್ಲ, ಅಮ್ಮನ ಗಂಟು ಬರುವುದು ನಿಂತಿತು ಅಷ್ಟೆ. ದಾರಿ ತೆರೆದ ಮೇಲೆ ಅಮ್ಮನಿಗೆ ಕೈ ನಡುಗಲು ಶುರುವಾಗಿತ್ತು, ಹೊಲಿಯಲು ಆಗುವುದಿಲ್ಲ ಅಂದಳು. ಈಗಲೂ ನಮಗೆ ವಾರಕ್ಕೆ ಎರಡು ಡಬ್ಬ ಬರುತ್ತವೆ. ಯಾವುದರ ಮೇಲೂ ಕೈಬರಹ ಇಲ್ಲ. ಅಂಟಿಸಿದ ಟೇಪನ್ನು ಮಗ ಹರಿದು ರಟ್ಟು ಎಸೆಯುತ್ತಾನೆ, ಓದಲು ಏನೂ ಇರುವುದಿಲ್ಲ.

ಉಮ್ಮ ಈಗ ಜಾಸ್ತಿ ನಡೆಯುವುದಿಲ್ಲ. ಹಾಗಾಗಿ ಅವರ ಮನೆಗೆ ನಾನು ಏನನ್ನೂ ಕಳಿಸುವುದಿಲ್ಲ. ಅವರ ಮನೆಯವರ ಪಾರ್ಸೆಲ್‌ಗಳೇ ಒಮ್ಮೊಮ್ಮೆ ನಮ್ಮಲ್ಲಿಗೆ ಬರುತ್ತವೆ. ಕೊಡಲು ನಾನೇ ಹೋಗುತ್ತೇನೆ, ಏಳೂವರೆ ಆದ ಮೇಲೆ.

ನಿಮ್ಮ ಮೊದಲ ಪಾರ್ಸೆಲ್ ನಾಳೆಯೋ ನಾಡಿದ್ದೋ ಬರಬಹುದು. ಇವತ್ತೇ ಐದು ಗಂಟೆಗೆ ಪಕ್ಕದ ಮನೆಗೆ ಹೋಗಿ. ಯಾವ ಊರು, ಎಷ್ಟು ಜನ, ಏನು ಕೆಲಸ ಅಂತ ಹೇಳಿ. ಮಲಯಾಳಂ ಬರದಿದ್ದರೆ ಕನ್ನಡದಲ್ಲೇ ಹೇಳಿ, ಯಾರಿಗಾದರೂ ಅರ್ಥವಾಗುತ್ತದೆ. ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಡಿ, ವಯಸ್ಸಾದವರು ಮೊಬೈಲಿನಲ್ಲಿ ಹುಡುಕಲಾರರು. ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.