ಇಜಾರ್ ನಕ್ಷತ್ರವನ್ನು ಎರಡಾಗಿ ಕಂಡ ಬಗೆ

ಸ್ವಾತಿಯಿಂದ ಈಶಾನ್ಯಕ್ಕೆ ಸುಮಾರು 10 ಡಿಗ್ರಿ, ಎಂದರೆ ಚಾಚಿದ ಕೈಯ ಮುಷ್ಟಿಯಷ್ಟು ಅಂತರದಲ್ಲಿ, ಬೂಟಿಸ್ ಪುಂಜದ ಇಜಾರ್ ಬರಿಗಣ್ಣಿಗೆ ಒಂಟಿ ಚುಕ್ಕಿಯಾಗಿ ಕಾಣುತ್ತದೆ. ಸುಮಾರು 200 ಜ್ಯೋತಿರ್ವರ್ಷ ದೂರದ ಈ ಚುಕ್ಕಿಯಲ್ಲಿ ಕಿತ್ತಳೆ ಬಣ್ಣದ ದೈತ್ಯ ನಕ್ಷತ್ರವೊಂದು ಮತ್ತು ಅದರ ಬಿಳಿಯ ಸಂಗಾತಿ ಇರುವುದನ್ನು ವಿಲಿಯಂ ಹರ್ಷಲ್ 1779ರಲ್ಲಿ ಗುರುತಿಸಿದರು.

ಇವುಗಳ ನಡುವೆ ನಮಗೆ ತೋರುವ ಅಂತರ ಸುಮಾರು 2.9 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಮಾತ್ರ. ಲೆಕ್ಕದ ಪ್ರಕಾರ 60 ಮಿಲಿಮೀಟರ್ ಮಸೂರದ ದೂರದರ್ಶಕಕ್ಕೂ ಇವನ್ನು ಬಿಡಿಸಿ ತೋರಿಸುವುದು ಸಾಧ್ಯವಾಗಬೇಕು. ಆದರೆ ಅಷ್ಟು ಸಣ್ಣ ಮಸೂರದಲ್ಲಿ ಮುಖ್ಯ ನಕ್ಷತ್ರದ ಸುತ್ತ ಏಳುವ ಮೊದಲ ವಿವರ್ತನಾ ಉಂಗುರವು, ಎಂದರೆ ಮಸೂರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಮೂಡುವ ಬೆಳಕಿನ ಬಳೆಯು, ಸರಿಸುಮಾರು ಇದೇ ಅಂತರದಲ್ಲಿ ಬೀಳುವುದರಿಂದ, ಹತ್ತು ಪಟ್ಟಿನಷ್ಟು ಮಂಕಾದ ಸಂಗಾತಿ ಆ ಉಂಗುರದಲ್ಲೇ ಕರಗಿಹೋಗುತ್ತದೆ. 100 ಮಿಲಿಮೀಟರ್ ಮಸೂರದಲ್ಲಿ ಉಂಗುರಗಳು ಕುಗ್ಗಿ, ಸಂಗಾತಿಯು ಮೊದಲ ಉಂಗುರದ ಹೊರಗೆ ಉಳಿಯುತ್ತದೆ. ನಾನು ಅದನ್ನು ಬಿಡಿಸಿ ನೋಡಿದ್ದು ಇಂಥದರಲ್ಲಿ, 180 ಪಟ್ಟು ವರ್ಧನೆಯಲ್ಲಿ, ಪುಂಜವು ಆಕಾಶದಲ್ಲಿ ಅತಿ ಎತ್ತರಕ್ಕೇರಿದ್ದ ಸಂಜೆಗಳಲ್ಲಿ. ಕತ್ತಲು ಪೂರ್ತಿ ಕವಿಯುವ ಮೊದಲೇ ನೋಡುವುದು ಲೇಸು. ತುಸು ಬೆಳಕಿರುವ ಆಕಾಶದಲ್ಲಿ ದೈತ್ಯನ ಪ್ರಖರತೆ ಕಣ್ಣಿಗೆ ಅಷ್ಟಾಗಿ ರಾಚುವುದಿಲ್ಲ. ಉಂಗುರದ ಮೇಲೆ ಮಿನುಗುವ ಹುಸಿ ಚುಕ್ಕಿಗಳು ಗಾಳಿಯ ಅಲುಗಾಟಕ್ಕೆ ಜಾಗ ಬದಲಿಸುತ್ತಲೇ ಇರುತ್ತವೆ, ನಿಜವಾದ ಸಂಗಾತಿಯಾದರೋ ಉತ್ತರ ದಿಕ್ಕಿನಲ್ಲಿ, ಕೊಂಚ ಪಶ್ಚಿಮಕ್ಕೆ ವಾಲಿ, ಒಂದೇ ಕಡೆ ನೆಲೆಯಾಗಿರುತ್ತದೆ. ಕಿತ್ತಳೆಯ ಪಕ್ಕದಲ್ಲಿ ಅದು ನನ್ನ ಕಣ್ಣಿಗೆ ನೀಲಿಯಾಗಿ ತೋರಿತು. ವರ್ಣವೈದೃಶ್ಯದಿಂದ, ಎಂದರೆ ಪಕ್ಕದ ಬಣ್ಣದೊಡನೆ ಎದ್ದುಕಾಣುವ ವ್ಯತ್ಯಾಸದಿಂದ, ಬಿಳಿ ಹಾಗೆ ಕಾಣುತ್ತದೆ.

ಈ ಚೆಲುವಿಗೆ ಮನಸೋತೇ ಖಗೋಳವಿಜ್ಞಾನಿ ಎಫ್.ಜಿ.ಡಬ್ಲ್ಯು. ಸ್ಟ್ರೂವ್ ಇದನ್ನು ಲ್ಯಾಟಿನ್ನಿನಲ್ಲಿ ‘ಪುಲ್ಕೆರಿಮಾ’, ಎಂದರೆ ಪರಮ ಸುಂದರಿ, ಎಂದು ಕರೆದರು. ಆದರೂ ನನಗೆ ಅರಬ್ಬಿ ಹೆಸರೇ ಹೆಚ್ಚು ಉಪಯುಕ್ತವೆನಿಸುತ್ತದೆ, ಏಕೆಂದರೆ ಅದು ನಕ್ಷತ್ರದ ಠಾವನ್ನು ಹೇಳುತ್ತದೆ. ‘ಇಜಾರ್’ ಎಂದರೆ ಸೊಂಟಕ್ಕೆ ಸುತ್ತುವ ವಸ್ತ್ರ. ಕನ್ನಡದ ‘ಇಜಾರ’ವೂ ಅದೇ ಮೂಲದಿಂದ ಬಂದದ್ದು. ನಕ್ಷೆಯಲ್ಲಿ ಬೂಟಿಸನನ್ನು ನಿಂತ ಪುರುಷನನ್ನಾಗಿ ಬಿಡಿಸಿದರೆ ಈ ಚುಕ್ಕಿ ಅವನ ನಡುವಿನ ಬಳಿ ಬರುತ್ತದೆ. ಇದಕ್ಕಿದ್ದ ‘ಮಿರಾಕ್’ ಎಂಬ ಇನ್ನೊಂದು ಹೆಸರೂ ‘ಅಲ್-ಮರಾಕ್’, ಎಂದರೆ ಕಿಬ್ಬೊಟ್ಟೆಯ ಭಾಗ, ಎಂಬ ಅರಬ್ಬಿ ಮಾತಿನದೇ. ಟಾಲೆಮಿಯ ಗ್ರೀಕ್ ನಕ್ಷತ್ರಪಟ್ಟಿಯಲ್ಲಿ ನಕ್ಷತ್ರಗಳನ್ನು ಪುಂಜದ ಅಂಗಾಂಗಗಳಿಂದಲೇ ಗುರುತಿಸಲಾಗಿತ್ತು; ಅದನ್ನು ಅರಬ್ಬಿಗೆ ತಂದ ವಿದ್ವಾಂಸರ ಮೂಲಕ, ಮುಂದೆ ಲ್ಯಾಟಿನ್ ಅನುವಾದಗಳ ಮೂಲಕ, ಇಂಥ ವರ್ಣನೆಗಳೇ ಹೆಸರುಗಳಾಗಿ ನಿಂತವು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2016ರಲ್ಲಿ ಇಜಾರ್ ಎಂಬುದನ್ನೇ ಅಧಿಕೃತಗೊಳಿಸಿತು.

ನಾವು ವಸಿಷ್ಠ ಎನ್ನುವ ಮಿಜಾರ್‌ನ ಹೆಸರೂ ಇದೇ ಧಾತುವಿನದು, ಅದೂ ಜೋಡಿ ನಕ್ಷತ್ರವೇ. ಗಾಳಿ ಅಶಾಂತವಾಗಿರುವ ರಾತ್ರಿಗಳಲ್ಲಿ ನಾನು ಇಜಾರ್ ಬಿಟ್ಟು ಅದರತ್ತ ತಿರುಗುತ್ತೇನೆ. ಅಂತರ 14 ಆರ್ಕ್‌ಸೆಕೆಂಡ್ ಇರುವುದರಿಂದ 60 ಮಿಲಿಮೀಟರ್ ಮಸೂರದಲ್ಲೂ 50 ಪಟ್ಟು ವರ್ಧನೆಗೇ ಅದು ಸ್ಪಷ್ಟವಾಗಿ ಎರಡಾಗುತ್ತದೆ.